ಏರಿ ಎಂದು ಕೂಗಿದವಳು

ನಮ್ಮ ಊರಿನಲ್ಲಿ ಯಾವ ಆಪತ್ತೂ ಒಂದೇ ಸಲ ಬಂದು ಹೋಗುವುದಿಲ್ಲ. ಬಂದ ದಿನಕ್ಕೆ ಸರಿಯಾಗಿ ಮರುವರ್ಷ ಮತ್ತೆ ಬರುತ್ತದೆ, ಅದರ ಮರುವರ್ಷ ಮತ್ತೆ, ಹೀಗೆ ಏಳು ವರ್ಷ. ನಾವು ಅದನ್ನು ಮರುಕಳಿ ಎನ್ನುತ್ತೇವೆ. ಮರುಕಳಿಯ ನೀರು ಒದ್ದೆ ಮಾಡುವುದಿಲ್ಲ, ಮರುಕಳಿಯ ಬೆಂಕಿ ಸುಡುವುದಿಲ್ಲ. ಮೊದಲ ವರ್ಷ ಬರೀ ಬೆಳಕು, ನೆರಳು. ಆಮೇಲೆ ವರ್ಷ ವರ್ಷಕ್ಕೆ ಬಣ್ಣ, ಹೊಗೆ, ವಾಸನೆ, ಸದ್ದು ಒಂದೊಂದೇ ಕೂಡಿಕೊಳ್ಳುತ್ತವೆ. ಏಳನೆಯ ವರ್ಷ ಅವತ್ತು ಜನ ಆಡಿದ ಮಾತು ಕೇಳಿಸುತ್ತದೆ, ಅಲ್ಲಿಗೆ ಮುಗಿಯಿತು. ಆಡಿದ ಮನುಷ್ಯರು ಮಾತ್ರ ಯಾವ ವರ್ಷವೂ ಕಣ್ಣಿಗೆ ಬೀಳುವುದಿಲ್ಲ. ಮದುವೆಯಾಗಿ ಹೊರಗಿನಿಂದ ಬಂದ ಹೆಣ್ಣುಮಕ್ಕಳು ಮೊದಲ ಸಲ ಹೆದರಿ ಅಟ್ಟ ಹತ್ತುತ್ತಾರೆ. ಎರಡನೆಯ ಸಲ ಕತ್ತಿನ ಮಟ್ಟದ ನೀರಿನೊಳಗೆ ಕೂತು ಬಟಾಣಿ ಬಿಡಿಸುತ್ತಾರೆ. ನೆರೆಯ ಮರುಕಳಿಯ ದಿನ ಬೀದಿಯಲ್ಲಿ ಸೀರೆ ಎತ್ತಿ ಹಿಡಿದು ನಡೆಯುವ ಅಭ್ಯಾಸವೊಂದು ಯಾರಿಗೂ ಹೋಗಿಲ್ಲ. ನನಗೂ ಹೋಗಿಲ್ಲ.

ಊರಿರುವುದು ಉತ್ತರದ ತುತ್ತತುದಿಯಲ್ಲಿ. ನಮ್ಮಿಂದಾಚೆಗೆ ಬೇರೆ ಊರಿಲ್ಲ, ದೇವದಾರು ಕಾಡು ಅಷ್ಟೇ. ಚಳಿಗಾಲದಲ್ಲಿ ಹೊಳೆ ಹೆಪ್ಪುಗಟ್ಟಿ ಅದರ ಮೇಲೆ ಎತ್ತಿನ ಗಾಡಿ ಹೋಗುತ್ತದೆ. ಹೆಪ್ಪು ಒಡೆಯುವ ವಾರ ನೆರೆಯ ಭಯ, ಬೇಸಿಗೆಯಲ್ಲಿ ಕಾಡು ಒಣಗಿದಾಗ ಬೆಂಕಿಯ ಭಯ. ಇಳಿಜಾರಿನ ಊರು ನಮ್ಮದು. ಮೇಲೆ ಗುಡ್ಡ, ಗುಡ್ಡದಿಂದಾಚೆ ಕಾಡು. ಕೆಳಗೆ ಹೊಳೆ. ಪಡುವಣ ಪಕ್ಕಕ್ಕೆ ಕೆರೆ, ಕೆರೆಗೆ ಅಗಲವಾದ ಮಣ್ಣಿನ ಏರಿ. ಏರಿಯ ಮೇಲೆ ಹುಲ್ಲುಕಡ್ಡಿಯೂ ಬೆಳೆಯದಂತೆ ದನಗಳು ತುಳಿದು ತುಳಿದು ಬೋಳು ಮಾಡಿವೆ. ಊರಿನ ನಡುವೆ ಒಂದು ಎತ್ತರದ ಕಲ್ಲುಕಟ್ಟೆ ಇದೆ, ಕೂಗುಕಟ್ಟೆ. ಅದರ ಮೇಲೆ ನಿಂತು ಆಪತ್ತು ಬಂದಾಗ ಕೂಗುವ ಕೆಲಸ ನನ್ನದು. ನನ್ನ ಹೆಸರು ಕೆಂಚಮ್ಮ. ಊರಿನವರಿಗೆ ಕೆಂಚಕ್ಕ, ನನ್ನ ಬೆನ್ನ ಹಿಂದೆ ಗಂಟಲಕ್ಕ.

ಈ ಕೆಲಸ ನನಗೆ ಸಿಕ್ಕಿದ್ದು ಒಂದು ಎಮ್ಮೆಯ ದೆಸೆಯಿಂದ. ನನಗೆ ಇಪ್ಪತ್ತೆಂಟು ತುಂಬಿದ್ದಾಗ ದೊಡ್ಡ ನೆರೆ ಬಂದು ಹನ್ನೊಂದು ಜನ ಹೋದರು. ಅದರ ಏಳನೆಯ ಮರುಕಳಿಯಲ್ಲಿ ಮಾತು ಕೇಳಿಸಿತಲ್ಲ, ಊರಿಗೆ ಊರೇ ತಲೆತಗ್ಗಿಸಿತು. ಎಲ್ಲರೂ "ಅಯ್ಯೋ ದೇವ್ರೇ", "ಓಡ್ರೋ", "ಬನ್ರೋ" ಎಂದು ಕೂಗಿದ್ದವರೇ. ಎಲ್ಲಿಗೆ ಓಡಬೇಕು, ಎತ್ತ ಬರಬೇಕು ಎಂದು ಹೇಳಿದ ಗಂಡಸೊಬ್ಬನೂ ಇರಲಿಲ್ಲ, ಹೆಂಗಸೊಬ್ಬಳೂ ಇರಲಿಲ್ಲ. ಆ ಗದ್ದಲವನ್ನೆಲ್ಲ ಸೀಳಿಕೊಂಡು ಒಂದು ದನಿ ಮಾತ್ರ ಹೊಳೆಯ ಎರಡೂ ದಡಕ್ಕೆ ಕೇಳುತ್ತಿತ್ತು: "ಗೌರೀ! ಎಲ್ಲಿ ಹಾಳಾಗ್ ಹೋದ್ಯೇ ಗೌರೀ!" ಅದು ನಾನು. ಗೌರಿ ನನ್ನ ಎಮ್ಮೆ. ಎಲ್ಲರೂ ನನ್ನತ್ತ ತಿರುಗಿ ನೋಡಿದರು, ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಸೀಬಯ್ಯ ಮೇಷ್ಟ್ರು ಮಾತ್ರ, "ಇಷ್ಟು ದೊಡ್ಡ ಗಂಟಲು ಬರೀ ಎಮ್ಮೆಗೆ ಯಾಕೆ ಖರ್ಚಾಗಬೇಕು?" ಎಂದರು.

ಸೀಬಯ್ಯ ಮೇಷ್ಟ್ರು ನಮ್ಮ ಪಾಠದ ಪುಸ್ತಕ ಇಟ್ಟುಕೊಂಡವರು. ಮರುಕಳಿಯ ದಿನ ಪ್ರತಿಯೊಬ್ಬರೂ ಅವತ್ತು ನಿಂತಿದ್ದ ಜಾಗಕ್ಕೇ ಹೋಗಿ ನಿಲ್ಲಬೇಕು. ಮುಗಿದ ಮೇಲೆ ಚಾವಡಿಯಲ್ಲಿ ಕೂತು ನೋಡಿದ್ದನ್ನು, ನೆನಪಾದದ್ದನ್ನು ಹೇಳಬೇಕು. ಮೇಷ್ಟ್ರು "ಏನಾಯ್ತು?" ಎಂದು ಕೇಳುತ್ತಾರೆ. "ಯಾರು ಮಾಡಿದ್ದು?" ಎಂದು ಯಾರೂ ಕೇಳುವಂತಿಲ್ಲ. ಕೊನೆಗೆ ಪುಸ್ತಕದಲ್ಲಿ ಪಾಠ ಬರೆಯುತ್ತಾರೆ, ಆರು ವರ್ಷ ಸೀಸದಕಡ್ಡಿಯಲ್ಲಿ, ಏಳನೆಯ ವರ್ಷ ಮಾತು ಕೇಳಿದ ಮೇಲೆ ಶಾಯಿಯಲ್ಲಿ. ಹೆಸರು ಬರೆಯುವುದಿಲ್ಲ, 'ಒಬ್ಬ ಮನುಷ್ಯ', 'ಒಬ್ಬ ಹೆಂಗಸು', ಅಷ್ಟೇ. ಆ ಹೆಂಗಸು ಯಾರೆಂದು ಹಾಲು ಕುಡಿಯುವ ಕೂಸಿಗೂ ಗೊತ್ತಿರುತ್ತದೆ ಬಿಡಿ. ಆ ಪಾಠಗಳನ್ನೇ ಶಾಲೆಯಲ್ಲಿ ಮಕ್ಕಳಿಂದ ಬಾಯಿಪಾಠ ಮಾಡಿಸುತ್ತಾರೆ.

ನೆರೆಯ ಪಾಠ ಶಾಯಿಗೆ ಏರಿತು: ಆಪತ್ತಿನಲ್ಲಿ ಒಬ್ಬರೇ ಕೂಗಬೇಕು, ಒಂದೇ ಮಾತು ಕೂಗಬೇಕು. ನೀರು ಬಂದರೆ 'ಏರಿ', ಅಂದರೆ ಎಲ್ಲರೂ ಗುಡ್ಡ ಹತ್ತಬೇಕು. ಬೆಂಕಿ ಬಂದರೆ 'ಇಳೀರಿ', ಅಂದರೆ ಎಲ್ಲರೂ ಹೊಳೆಗೆ ಇಳಿಯಬೇಕು. ತಿಂಗಳಿಗೊಮ್ಮೆ ನಾನು ಕಟ್ಟೆ ಹತ್ತಿ ಸುಮ್ಮಸುಮ್ಮನೆ ಕೂಗುತ್ತಿದ್ದೆ, ಜನ ಮಾಡುತ್ತಿದ್ದ ಕೆಲಸ ಬಿಟ್ಟು ಓಡುತ್ತಿದ್ದರು. ಹತ್ತು ವರ್ಷದಲ್ಲಿ ಆ ಎರಡು ಮಾತು ಜನರ ಕಾಲಿಗೇ ಇಳಿದುಬಿಟ್ಟವು. ಮೇಷ್ಟ್ರ ಮಗನ ಮದುವೆಯಲ್ಲಿ ಬೀಗರೊಬ್ಬರು ದಿಬ್ಬಣ ಹೊರಡುವ ಹೊತ್ತಿಗೆ ಎಲ್ಲರಿಗೂ ಕೇಳಲಿ ಎಂದು "ಗಾಡಿ ಏರಿ, ಏರಿ!" ಎಂದು ಕೂಗಿದರು ನೋಡಿ, ನಮ್ಮ ಕಡೆಯವರು ಅರ್ಧ ಜನ ಊಟದೆಲೆ ಬಿಟ್ಟು ಗುಡ್ಡಕ್ಕೆ ಓಡಿದರು. ಗಂಡಿನ ಸೋದರಮಾವ ಕೈಯಲ್ಲಿ ಹೋಳಿಗೆ ಹಿಡಿದುಕೊಂಡೇ ಗುಡ್ಡದ ತುದಿ ಮುಟ್ಟಿದ್ದ. ಒಂದು ವರ್ಷ ಅದನ್ನೇ ಹೇಳಿಕೊಂಡು ನಕ್ಕೆವು. ಅವತ್ತೇ ಪುಸ್ತಕ ಬಿಚ್ಚಬೇಕಿತ್ತು ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ.

ಬೆಂಕಿ ಬಂದದ್ದು ಏಳು ವರ್ಷದ ಹಿಂದೆ, ಸಂತೆಯ ದಿನ, ನಡುಮಧ್ಯಾಹ್ನ. ಗುಡ್ಡದ ಮೂಡಲ ಮಗ್ಗುಲಲ್ಲಿ ಹೊಗೆ ಕಂಡ ಕೂಡಲೆ ನಾನು ಕಟ್ಟೆ ಹತ್ತಿ "ಇಳೀರೀ, ಇಳೀರೀ" ಎಂದು ಕೂಗಿದೆ. ಸಂತೆಗೆ ಸಂತೆಯೇ ಬುಟ್ಟಿ ತಕ್ಕಡಿ ಬಿಟ್ಟು ಹೊಳೆಯ ಕಡೆ ಓಡಿತು. ಅವರು ಅರ್ಧ ದಾರಿಯಲ್ಲಿರುವಾಗ ಗಾಳಿ ತಿರುಗಿತು. ಕಿಡಿಗಳು ಊರಿನ ತಲೆಯ ಮೇಲೆ ಹಾರಿಹೋಗಿ ಹೊಳೆದಂಡೆಯ ಜೊಂಡಿಗೆ ಬಿದ್ದವು. ಆ ವರ್ಷ ಜೊಂಡು ಒಣಗಿ ಸೌದೆಯಾಗಿತ್ತು, ಕಣ್ಣು ಮಿಟುಕಿಸುವುದರೊಳಗೆ ದಂಡೆ ಉದ್ದಕ್ಕೂ ಹತ್ತಿಕೊಂಡಿತು. ಕೆಳಗೆ ಓಡುತ್ತಿದ್ದವರಿಗೆ ಅದು ಕಾಣುವಂತಿರಲಿಲ್ಲ, ಕಟ್ಟೆಯ ಮೇಲಿದ್ದ ನನಗೆ ಮಾತ್ರ ಕಂಡಿತು. ಹೊಳೆಯ ದಾರಿ ಮುಚ್ಚಿತ್ತು, ಗುಡ್ಡ ಉರಿಯುತ್ತಿತ್ತು. ಉಳಿದದ್ದು ಕೆರೆಯ ಏರಿ ಒಂದೇ. ಬೋಳು ಮಣ್ಣು, ಒಂದು ಕಡೆ ತುಂಬಿದ ನೀರು. ನಾನು ಎರಡೂ ಕೈ ಪಡುವಣಕ್ಕೆ ಚಾಚಿ ಗಂಟಲು ಹರಿಯುವ ಹಾಗೆ ಕೂಗಿದೆ: "ಏರಿ! ಏರಿ! ಏರಿ!"

ಸಂತೆಯ ಜನ ತಿರುಗಿ ನನ್ನ ಕೈ ನೋಡಿದರು, ಏರಿಯ ಕಡೆ ಓಡಿದರು. ಮುನ್ನೂರು ಜನ ಸಂಜೆಯವರೆಗೆ ಏರಿಯ ಮೇಲೆ, ಸೊಂಟದ ಮಟ್ಟ ಕೆರೆಯಲ್ಲಿ ನಿಂತು ಬದುಕಿದರು. ಒಬ್ಬ ಬರಲಿಲ್ಲ. ಜೇನು ಓಬಯ್ಯ, ಮೇಲಿನ ಕೇರಿಯವನು, ಗುಡ್ಡದ ಬುಡದಲ್ಲಿ ಜೇನುಪೆಟ್ಟಿಗೆ ಇಟ್ಟು ಸಾಕುತ್ತಿದ್ದವನು. ಹೆಂಡತಿ ಲಕ್ಕವ್ವ ಆರು ವರ್ಷದ ಮಗಳು ಭಾಗಿಯನ್ನು ಕರೆದುಕೊಂಡು ಸಂತೆಗೆ ಬಂದಿದ್ದಳು, ಅವನು ಜ್ವರವೆಂದು ಮನೆಯಲ್ಲಿ ಮಲಗಿದ್ದ. ಮರುದಿನ ಗುಡ್ಡದ ಮೇಲೆ, ಪೆಟ್ಟಿಗೆಗಳಿಂದ ತುಸು ಆಚೆಗೆ ಅವನ ಹೆಣ ಸಿಕ್ಕಿತು.

ಮೊದಲ ವರ್ಷವೇ ಪುಸ್ತಕದಲ್ಲಿ ಸೀಸದಕಡ್ಡಿ ಓಡಿತು: ಒಬ್ಬ ಮನುಷ್ಯ ಕೂಗು ಕೇಳಿಯೂ ತನ್ನ ಸಾಮಾನಿನ ಆಸೆಗೆ ತಿರುಗಿ ಹೋಗಿ ಸತ್ತ. ಬೆಂಕಿ ಬಂದಾಗ ಸಾಮಾನಿಗೆ ತಿರುಗಿ ಹೋಗಬಾರದು. ಅದರ ಮೇಲಿನ ಸಾಲಿನಲ್ಲಿ ನನ್ನ ಸಂಗತಿ: ಒಬ್ಬ ಹೆಂಗಸಿನ ಸಮಯಪ್ರಜ್ಞೆಯಿಂದ ಊರು ಉಳಿಯಿತು. ನನಗೆ ಶಾಲು ಹೊದಿಸಿದರು. ನಾನು ಹೊದಿಸಿಕೊಂಡೆ.

ಹೊದಿಸಿಕೊಳ್ಳುವಾಗ ನನಗೆ ಗೊತ್ತಿತ್ತು. ಬೆಂಕಿಯ ಸಂಜೆ ಏರಿಯ ಮೇಲೆ ಮೇಲಿನ ಕೇರಿಯ ಕರಿಯಜ್ಜ ಕೆಮ್ಮುತ್ತ ಕೂತಿದ್ದ. ನನ್ನನ್ನು ನೋಡಿ ನಕ್ಕ. "ಏನವ್ವ ಕೆಂಚಮ್ಮ, ಹೊಗೇಲಿ ನೀನೂ ಕಾಣ್ಲಿಲ್ಲ, ನಿನ್ ಕೈಯೂ ಕಾಣ್ಲಿಲ್ಲ. ಏರಿ ಅಂದ್ಯಲ್ಲ, ನಾನು ಗುಡ್ಡ ಹತ್ತಕ್ಕೇ ಹೊಂಟಿದ್ದೆ. ಮೊಮ್ಮಗಳು ಬಂದು ರಟ್ಟೆ ಹಿಡ್ದು ಎಳ್ಕೊಂಬಂದ್ಲು" ಎಂದ. ಅವನಿಗೆ ಅದು ತಮಾಷೆ. ಮೇಲಿನ ಕೇರಿಯಲ್ಲಿ ಅವತ್ತು ಇದ್ದವರು ಇಬ್ಬರೇ, ಕರಿಯಜ್ಜ ಮತ್ತು ಓಬಯ್ಯ. ಓಬಯ್ಯನ ರಟ್ಟೆ ಹಿಡಿದು ಎಳೆಯುವವರು ಸಂತೆಯಲ್ಲಿದ್ದರು. ಕರಿಯಜ್ಜ ಆ ಚಳಿಗಾಲದಲ್ಲೇ ತೀರಿಕೊಂಡ. ಆಮೇಲೆ ಆ ಸಂಗತಿ ನನ್ನೊಬ್ಬಳಲ್ಲೇ ಉಳಿಯಿತು.

ಯಾಕೆ ಹೇಳಲಿಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಮೊದಲ ವರ್ಷ ಹೆದರಿಕೆ. ಎರಡನೆಯ ವರ್ಷ, ಮೊದಲ ವರ್ಷ ಹೇಳಲಿಲ್ಲವಲ್ಲ ಎಂಬ ಹೆದರಿಕೆ. ಹೀಗೇ ಒಂದರ ಮೇಲೊಂದು ಕೂತಿತು. ಅಷ್ಟೂ ವರ್ಷ ಲಕ್ಕವ್ವ ಜೇನು ಮುಟ್ಟಲಿಲ್ಲ. ಸುಡದೆ ಉಳಿದ ನಾಲ್ಕು ಪೆಟ್ಟಿಗೆಗಳನ್ನು ಅಲ್ಲಿಂದ ತರಲೂ ಇಲ್ಲ, ಯಾರಿಗೂ ಕೊಡಲೂ ಇಲ್ಲ. ಯಾರೂ ಅವಳನ್ನು ಹಂಗಿಸಲಿಲ್ಲ, ನಮ್ಮ ಜನ ಕೆಟ್ಟವರಲ್ಲ. ಆದರೆ ಶಾಲೆಯಲ್ಲಿ ಮಕ್ಕಳು ಸಾಲಾಗಿ ನಿಂತು "ಸಾಮಾನಿನ ಆಸೆಗೆ ತಿರುಗಿ ಹೋಗಬಾರದು" ಎಂದು ಒಪ್ಪಿಸುವುದು ಬೀದಿಗೆ ಕೇಳುತ್ತಿತ್ತು. ಹೋದ ವರ್ಷ ಭಾಗಿಯ ಸರದಿ ಬಂದಾಗ ಅವಳು ಬಾಯಿ ಬಿಡಲಿಲ್ಲವಂತೆ. ಯಾಕೆ ಎಂದಿದ್ದಕ್ಕೆ, "ನಮ್ಮಪ್ಪ ಅಂಥೋನಲ್ಲ" ಎಂದಳಂತೆ. ಹೊಸ ಮೇಷ್ಟ್ರು ಅವಳನ್ನು ಹೊರಗೆ ನಿಲ್ಲಿಸಿದರು. ನಾನು ಆ ದಾರಿಯಲ್ಲೇ ಹೋಗುತ್ತಿದ್ದೆ. ಹುಡುಗಿ ಜಗುಲಿಯ ಮೇಲೆ ಕೆಂಪು ಕಣ್ಣು ಮಾಡಿಕೊಂಡು ನಿಂತಿದ್ದಳು, ನಾನು ತಲೆ ತಗ್ಗಿಸಿಕೊಂಡು ಬೇಗಬೇಗ ದಾಟಿಹೋದೆ. ನನ್ನ ಮೇಲೆ ನನಗೆ ಅವತ್ತಿನಷ್ಟು ಹೇಸಿಗೆ ಯಾವತ್ತೂ ಆಗಿಲ್ಲ.

ಈ ವರ್ಷ ಏಳನೆಯದು. ಮಾತು ಬರುವ ವರ್ಷ. ನನ್ನ ಕೂಗು ಊರಿಗೆಲ್ಲ ಕೇಳಿಸುತ್ತದೆ ನಿಜ, ಆದರೆ ಅದರಿಂದ ನನಗೇನೂ ಆಗುವುದಿಲ್ಲ. ಏರಿ ಎಂದರೆ ಕೆರೆಯ ಏರಿ ಎಂದೇ ಎಲ್ಲರೂ ತಿಳಿದಿದ್ದಾರೆ. ಓಬಯ್ಯ ಏನಾದರೂ ಮಾತಾಡಿದ್ದರೆ ಅದು ಅವನ ಮನೆಯಲ್ಲಿ ನಿಂತವರಿಗೆ ಮಾತ್ರ ಕೇಳುತ್ತದೆ. ಅಲ್ಲಿ ಯಾರೂ ನಿಲ್ಲುವುದಿಲ್ಲ. ಲಕ್ಕವ್ವನ ಜಾಗ ಸಂತೆಬೀದಿ. ಹೀಗೆಲ್ಲ ನಾನು ಒಳಗೊಳಗೇ ಸಮಾಧಾನ ಮಾಡಿಕೊಂಡಿದ್ದೆ. ಮರುಕಳಿಗೆ ನಾಲ್ಕು ದಿನ ಇರುವಾಗ ಲಕ್ಕವ್ವ ಮನೆಗೆ ಬಂದಳು. ಬಂದವಳು ಕೂರದೆ ಬಾಗಿಲಲ್ಲೇ ನಿಂತು ಹೇಳಿದಳು.

"ಕೆಂಚಕ್ಕ, ಈ ಸಲ ನಾನು ಸಂತೇಲಿ ನಿಲ್ಲಲ್ಲ. ಮನೇಲ್ ನಿಲ್ತೀನಿ. ಮೇಷ್ಟ್ರನ್ನ ಕೇಳ್ದೆ, ನಿಂತ್ಕೊಳ್ಳವ್ವ ಅಂದ್ರು."

"ಯಾಕವ್ವ?"

"ಅವ್ರು ಕಡೇಗೇನ್ ಅಂದ್ರು ಅಂತ ಕೇಳ್ಬೇಕು ನಂಗೆ. ಜೇನು ಹಾಳಾಗ್ತೈತೆ ಅಂದ್ರೋ, ಇಲ್ಲ ನಮ್ ಹೆಸ್ರಾದ್ರೂ ಎತ್ತಿದ್ರೋ. ಒಬ್ಳೇ ಕೇಳಕ್ಕೆ ಎದೆ ಇಲ್ಲ ಕಣಕ್ಕ. ನೀನ್ ಬಾ ನನ್ ಜೊತೆ."

ನಾನು ಮಾಡಿದ್ದನ್ನು ಇಲ್ಲಿ ಹೇಳಲೇಬೇಕು. "ಬ್ಯಾಡ ಬಿಡು ಲಕ್ಕವ್ವ. ಸತ್ತೋರ ಮಾತು ಕೇಳಿ ಯಾಕೆ ಸಂಕಟ ಪಡ್ತೀಯ? ಸುಮ್ನೆ ಸಂತೇಲಿ ನಿಂತ್ಕೊ" ಎಂದುಬಿಟ್ಟೆ. ನನ್ನ ಬಾಯಿಂದ ಅದು ಎಷ್ಟು ಮೆತ್ತಗೆ ಬಂತೆಂದರೆ ಕೇಳಿದವರು ಕರುಣೆ ಎಂದುಕೊಳ್ಳಬೇಕು. ಲಕ್ಕವ್ವ ಹಾಗೇ ಅಂದುಕೊಂಡಳು. ಕಣ್ಣು ಒರೆಸಿಕೊಂಡು, "ನೀನು ನನ್ ಸಂಕಟ ನೋಡಿ ಹೇಳ್ತೀಯ, ನಂಗೊತ್ತು. ಆದ್ರೂ ಕೇಳ್ಲೇಬೇಕಕ್ಕ. ಏಳು ವರ್ಸದಿಂದ ಅವ್ರ ಮ್ಯಾಲೆ ಸಿಟ್ಟು ಇಟ್ಕೊಂಡು ಸುಸ್ತಾಗೋಯ್ತು" ಎಂದಳು. ಬರುತ್ತೇನೆ ಎಂದೆ. ಇನ್ನೇನು ಹೇಳಲಿ?

ಮರುಕಳಿಯ ದಿನ ಅವಳ ಮನೆಗೆ ಹೋದಾಗ ಲಕ್ಕವ್ವ ನೆಲ ಸಾರಿಸಿ, ಓಬಯ್ಯ ಮಲಗಿದ್ದ ಜಾಗದಲ್ಲಿ ಚಾಪೆ ಹಾಸಿದ್ದಳು. ಭಾಗಿ ಗೋಡೆಗೆ ಒರಗಿ ಕೂತಿದ್ದಳು. ಹದಿಮೂರು ವರ್ಷಕ್ಕೆ ಎತ್ತರ ಬೆಳೆದಿದ್ದಾಳೆ, ಅಪ್ಪನ ಹಣೆ. ನಡುಮಧ್ಯಾಹ್ನವಾಯಿತು. ಕಿಟಕಿಯಲ್ಲಿ ಬೆಳಕು ಹಳದಿಗೆ ತಿರುಗಿತು, ಹೊಗೆ ವಾಸನೆ ಬಂತು. ಇನ್ನು ಗಳಿಗೆಯಲ್ಲಿ ನನ್ನ ದನಿ ಬರುತ್ತದೆ ಎಂದು ಗೊತ್ತಾದಾಗ ನನಗೆ ತಡೆದುಕೊಳ್ಳಲು ಆಗಲಿಲ್ಲ. ಕೇಳಿಸಿದ ಮೇಲೆ ಒಪ್ಪಿಕೊಂಡರೆ ಅದು ಒಪ್ಪಿಕೊಂಡಂತೆಯೇ ಅಲ್ಲ ಅನ್ನಿಸಿತು.

"ಲಕ್ಕವ್ವ, ಓಬಯ್ಯ ಜೇನಿಗೆ ಹೋಗಿದ್ದಲ್ಲ" ಎಂದೆ. "ನಾನು ಏರಿ ಅಂತ ಕೂಗಿದ್ದು ಕೆರೆ ಏರಿ ಅಂತ. ಹೊಗೇಲಿ ನನ್ ಕೈ ಕಾಣ್ದೋರಿಗೆ ಅದು ಗುಡ್ಡ ಏರಿ ಅಂತ ಕೇಳ್ತು. ಕರಿಯಜ್ಜಂಗೂ ಹಂಗೇ ಕೇಳ್ತಂತೆ. ಅವತ್ತು ಸಾಯಂಕಾಲವೇ ನಂಗೆ ಗೊತ್ತಾಯ್ತು."

ಲಕ್ಕವ್ವ ನನ್ನನ್ನೇ ನೋಡಿದಳು. "ಅವತ್ತೇ?" ಎಂದಳು.

"ಅವತ್ತೇ."

ಅವಳು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ದೂರದಿಂದ ನನ್ನ ದನಿ ಬಂತು. "ಇಳೀರೀ! ಇಳೀರೀ!" ಏಳು ವರ್ಷ ಚಿಕ್ಕವಳಾದ ನನ್ನ ದನಿ, ಎಷ್ಟು ಧೈರ್ಯವಾಗಿತ್ತು. ಚಾಪೆಯ ಮೇಲೆ ಕೆಮ್ಮು ಕೇಳಿಸಿತು. ಭಾಗಿ ತಟ್ಟನೆ ಎದ್ದು ನಿಂತಳು. ಅಪ್ಪನ ಕೆಮ್ಮು ಅವಳಿಗೆ ನೆನಪಿತ್ತು.

"ಏನಪ್ಪಾ ಇದು ಹೊಗೆ" ಎಂದಿತು ಓಬಯ್ಯನ ದನಿ. ಅಗುಳಿ ತೆಗೆದ ಸದ್ದಾಯಿತು. ಹೆಜ್ಜೆ ಹೊರಬಿದ್ದು ಕೇರಿಯ ಇಳಿಜಾರಿನಲ್ಲಿ, ಹೊಳೆಯ ಕಡೆಗೇ ಓಡಿತು. ನಾವು ಮೂವರೂ ಹಿಂದೆಯೇ ಹೋದೆವು. "ಲಕ್ಕೀ! ಭಾಗೀ! ಸಂತೆಯಿಂದ ಬಂದ್ರೇನ್ರೇ?" ಎಂದು ಕೂಗುತ್ತಿದ್ದ. ಕೇರಿಯ ತುದಿಯಲ್ಲಿ ಹೊಗೆ ಗೋಡೆ ಕಟ್ಟಿತ್ತು, ಕೂಗುಕಟ್ಟೆ ಕಾಣುತ್ತಿರಲಿಲ್ಲ. ಅದರಾಚೆಯಿಂದ ಬಂತು: "ಏರಿ! ಏರಿ! ಏರಿ!"

ಹೆಜ್ಜೆ ನಿಂತಿತು. ನಮ್ಮ ಮುಂದೆಯೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಅವನ ಏದುಸಿರು ಕೇಳುತ್ತಿತ್ತು.

"ಏರಿ ಅಂತಾವ್ಳೆ" ಎಂದ ತನಗೆ ತಾನೇ. "ಈಗ ತಾನೆ ಇಳೀರಿ ಅಂದ್ಲಲ್ಲ. ಹೊಳೆನೂ ಬಂದ್ಬಿಡ್ತಾ?" ಆಮೇಲೆ ಅಂದ: "ಕೆಂಚಕ್ಕ ಎತ್ತರದಾಗೆ ನಿಂತವ್ಳೆ. ಅವಳ್ಗೆ ಕಾಣ್ತೈತೆ."

ಹೆಜ್ಜೆ ತಿರುಗಿ ಗುಡ್ಡದ ಕಡೆಗೆ ಓಡಿತು. ಭಾಗಿ ಅಪ್ಪನ ಹೆಜ್ಜೆಯ ಹಿಂದೆ ಓಡಿದಳು, ಲಕ್ಕವ್ವ ಅವಳ ಹಿಂದೆ, ನಾನು ಬೀಳುತ್ತ ಏಳುತ್ತ ಅವರ ಹಿಂದೆ. ಸುತ್ತ ತಣ್ಣಗಿನ ಬೆಂಕಿ ಉರಿಯುತ್ತಿತ್ತು. ಗುಡ್ಡದ ಬುಡದಲ್ಲಿ ಜೇನುಪೆಟ್ಟಿಗೆಗಳ ಹತ್ತಿರ ಅವತ್ತಿನ ಹುಳಗಳ ಮೊರೆತ ಜೋರಾಗಿ ಕೇಳಿತು. ಹೆಜ್ಜೆ ಅಲ್ಲಿ ನಿಲ್ಲಲಿಲ್ಲ, ನಿಧಾನವೂ ಆಗಲಿಲ್ಲ. "ಲಕ್ಕೀ! ಎಲ್ಲಿದೀರೇ? ಭಾಗೀನ ಎತ್ಕೊಂಡು ಏರೇ, ಬಿರ್ರನೆ ಏರು! ನಾನ್ ಬಂದೆ!" ಎನ್ನುತ್ತ ದಾಟಿಹೋಯಿತು. ಹೆಂಡತಿ ಮಗಳಿಬ್ಬರೂ ಕೂಗು ಕೇಳಿ ಮುಂದೆ ಹತ್ತಿದ್ದಾರೆ ಎಂದು ಅವನು ತಿಳಿದಿದ್ದ. ಇನ್ನೂ ಮೂವತ್ತು ಹೆಜ್ಜೆ ಮೇಲೆ ಕೆಮ್ಮು ಕೇಳಿತು, ಇನ್ನೊಂದು ಸಲ ಭಾಗಿಯ ಹೆಸರು ಕೇಳಿತು. ಆಮೇಲೆ ಬರೀ ಬೆಂಕಿಯ ಸದ್ದು.

ಲಕ್ಕವ್ವ ಪೆಟ್ಟಿಗೆಗಳ ಪಕ್ಕದಲ್ಲಿ ಕೂತಿದ್ದಳು. "ನಿಲ್ಲಲಿಲ್ಲ ಅವ್ರು" ಎಂದಳು. "ನೋಡಿದ್ಯಾ ಭಾಗಿ, ಪೆಟ್ಗೆ ಹತ್ರ ಒಂದ್ ಚಣವೂ ನಿಲ್ಲಲಿಲ್ಲ. ನಮ್ಮನ್ನ ಹುಡುಕ್ತಿದ್ರು ಕಣೆ." ತಾಯಿ ಮಗಳು ತಬ್ಬಿಕೊಂಡು ಅತ್ತರು. ಅವರ ಹತ್ತಿರ ಹೋಗುವ ಯೋಗ್ಯತೆ ನನಗಿರಲಿಲ್ಲ. ದೂರದಲ್ಲೇ ನಿಂತು ನಾನೂ ಅತ್ತೆ.

ಬಹಳ ಹೊತ್ತಿನ ಮೇಲೆ ಲಕ್ಕವ್ವ ಎದ್ದು ಬಂದಳು. ಮುಖಕ್ಕೆ ಉಗಿಯುತ್ತಾಳೆ ಎಂದುಕೊಂಡೆ.

"ನೀನು ಕೂಗಿದ್ದು ತಪ್ಪಲ್ಲ" ಎಂದಳು. "ಆ ಹೊತ್ನಾಗೆ ನಂಗೂ ಅದೇ ಮಾತು ಬರ್ತಿತ್ತೇನೋ. ಆದ್ರೆ ಇಷ್ಟ್ ವರ್ಸ ಬಾಯ್ ಮುಚ್ಕೊಂಡಿದ್ಯಲ್ಲ ಕೆಂಚಕ್ಕ. ಎಷ್ಟ್ ದಿನ ಅವ್ರಿಗೆ ಎಡೆ ಇಡದೆ ಬೈದಿದೀನಿ ಗೊತ್ತಾ? ಅದನ್ನ ನಾನು ಎಲ್ಲಿ ಇಟ್ಕೊಳ್ಲಿ?"

ಚಾವಡಿಗೆ ನಾವು ಹೋಗುವಷ್ಟರಲ್ಲಿ ಊರು ಸೇರಿತ್ತು. ಸೀಬಯ್ಯ ಮೇಷ್ಟ್ರಿಗೆ ಈಗ ಕೈ ನಡುಗುತ್ತದೆ, ಆದರೂ ಶಾಯಿ ದವತಿ, ಪುಸ್ತಕ ಎಲ್ಲ ಅಣಿ ಮಾಡಿಕೊಂಡು ಕೂತಿದ್ದರು. "ಮಾತು ಕೇಳಿದ್ದಾಯ್ತು. ಪಾಠದಲ್ಲಿ ಏನಾದರೂ ಬದಲಾಗಬೇಕೋ?" ಎಂದು ವಾಡಿಕೆಯಂತೆ ಕೇಳಿದರು. ನಾನು ಎದ್ದು ನಿಂತೆ. ಏರಿ ಎಂಬ ಮಾತು ಎರಡು ದಾರಿ ಹಿಡಿದದ್ದು, ಕರಿಯಜ್ಜ ಹೇಳಿದ್ದು, ಓಬಯ್ಯ ಅಂದದ್ದು, ಎಲ್ಲ ಹೇಳಿದೆ. ಊರನ್ನೇ ಎಬ್ಬಿಸುವ ನನ್ನ ಗಂಟಲಿನಿಂದ ಪಿಸುಮಾತು ಬರುತ್ತಿತ್ತು, ಹಿಂದೆ ಕೂತವರು ಜೋರಾಗಿ ಹೇಳಿ ಎಂದರು. "ಗೊತ್ತಿದ್ದೂ ಬಾಯಿ ಮುಚ್ಚಿಕೊಂಡವಳು..." ಎಂದು ಮುಂದುವರಿಸುವಷ್ಟರಲ್ಲಿ ಮೇಷ್ಟ್ರು ಕೈಯೆತ್ತಿ ತಡೆದರು. "ಯಾರು ಅನ್ನೋದು ಇಲ್ಲಿ ಬೇಡ ಕೆಂಚಮ್ಮ."

"ಬೇಕು ಮೇಷ್ಟ್ರೇ" ಎಂದೆ. "ನಾನು. ನಾನೇ ಮುಚ್ಚಿಟ್ಟಿದ್ದು."

ಮದುವೆಯಲ್ಲಿ ಹೋಳಿಗೆ ಹಿಡಿದು ಓಡಿದ ಸೋದರಮಾವ ಅಲ್ಲೇ ಇದ್ದ. ಅವನು ಮೆಲ್ಲಗೆ, "ಅವತ್ತೇ ಗೊತ್ತಾಗ್ಬೇಕಿತ್ತಲ್ರೋ ನಮಗೆ. ಬರೀ ನಕ್ಬಿಟ್ವಿ" ಎಂದ. ಒಬ್ಬೊಬ್ಬರೇ ನೆಲ ನೋಡತೊಡಗಿದರು. ಮೇಷ್ಟ್ರು ರಬ್ಬರು ತೆಗೆದು ಸೀಸದಕಡ್ಡಿಯ ಆ ಸಾಲನ್ನು ಉಜ್ಜಿದರು. ಕೈ ನಡುಗಿ ಸರಿಯಾಗಿ ಅಳಿಸಲಾಗಲಿಲ್ಲ. ಭಾಗಿ ಮುಂದೆ ಹೋಗಿ ರಬ್ಬರು ತೆಗೆದುಕೊಂಡು ಸಾಮಾನಿನ ಆಸೆ ಎನ್ನುವುದನ್ನು ತಾನೇ ಉಜ್ಜಿ, ಪುಡಿಯನ್ನು ಊದಿದಳು.

ಹೊಸ ಪಾಠ ಬರೆಯಬೇಕಾಗಿತ್ತು. ಬೆಂಕಿ ಬಂದು ಹೊಳೆಯ ದಾರಿಯೂ ಮುಚ್ಚಿದರೆ ಎಲ್ಲರೂ ಕೆರೆಯ ಏರಿಗೇ ಹೋಗಬೇಕು, ಅದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅದಕ್ಕೆ ಏನೆಂದು ಕೂಗುವುದು? ಒಬ್ಬರು ಕಟ್ಟೆ ಎಂದರು. ಊರಲ್ಲಿ ಕಟ್ಟೆ ಒಂಬತ್ತಿವೆ ಎಂದು ಇನ್ನೊಬ್ಬರು ಎಣಿಸಿದರು. ಕೆರೆ ಎಂದರೆ ಮಕ್ಕಳು ನೀರಿಗೆ ಹಾರುತ್ತವೆ. ದಿಣ್ಣೆ ಎಂದರೆ ಎಣ್ಣೆ ಎಂದು ಕೇಳುತ್ತದೆ, ದಿಬ್ಬ ಎಂದರೆ ಮತ್ತೆ ಗುಡ್ಡ. ಕೊನೆಗೆ ಲಕ್ಕವ್ವ ಎದ್ದಳು.

"ಓಬಯ್ಯ ಅಂತ ಕೂಗಲಿ."

ಯಾರಿಗೂ ಅರ್ಥವಾಗಲಿಲ್ಲ.

"ಏರಿಗೆ ಅವ್ರ ಹೆಸ್ರಿಡಿ. ಓಬಯ್ಯ ಅಂದ್ರೆ ಹತ್ತು ಅಂತ್ಲೂ ಕೇಳಲ್ಲ, ಇಳಿ ಅಂತ್ಲೂ ಕೇಳಲ್ಲ. ಇಷ್ಟ್ ದಿನ ಪುಸ್ತಕದಾಗೆ ಒಬ್ಬ ಮನುಷ್ಯ ಅಂತಿದ್ರು, ಊರಿಗೆಲ್ಲ ಗೊತ್ತಿತ್ತು ಯಾರು ಅಂತ. ಈಗ ಹೆಸ್ರು ಹಾಕಿ."

ಮೇಷ್ಟ್ರು ಪುಸ್ತಕದಿಂದ ತಲೆಯೆತ್ತಿ, "ಗಾಣದ ಓಬಳೇಶ ಇದ್ದಾನಲ್ಲ, ಅವನ ಹೆಸರಿನ ಜೊತೆ ಗೊಂದಲ ಆಗೋದಿಲ್ವೆ?" ಎಂದು ಕೇಳಿದರು. ಓಬಳೇಶ ಮೂಲೆಯಲ್ಲಿ ಎದ್ದು ನಿಂತು, "ನನ್ನ ಯಾರೂ ಪೂರಾ ಹೆಸ್ರು ಹಿಡ್ದು ಕರೆಯಲ್ಲ ಬಿಡಿ ಸಾ, ಎಲ್ಲ ಗಾಣ ಅಂತಾರೆ" ಎಂದ. ಏಳು ವರ್ಷದಲ್ಲಿ ಮೊದಲ ಸಲ ಲಕ್ಕವ್ವನ ತುಟಿ ತುಸು ಅಲುಗಿದ್ದು ಕಂಡೆ. ಮೇಷ್ಟ್ರು ಲೇಖನಿಯನ್ನು ದವತಿಗೆ ಅದ್ದಿದರು. ನಮ್ಮ ಪುಸ್ತಕದಲ್ಲಿ ಶಾಯಿಯಲ್ಲಿ ಬಿದ್ದ ಮೊದಲ ಹೆಸರು ಅದು.

"ಇನ್ನು ಕೂಗೋರು ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ" ಎಂದು ನಾನು ಮೆಟ್ಟಿಲಿಳಿಯುತ್ತಿದ್ದೆ. ಲಕ್ಕವ್ವ ಹಿಂದಿನಿಂದ, "ಎಲ್ಲಿಗೋಗ್ತೀಯ? ನೀನೇ ಕೂಗ್ಬೇಕು" ಎಂದಳು.

"ಇದು ಶಿಕ್ಷೆಯೋ ಲಕ್ಕವ್ವ, ಕ್ಷಮೆಯೋ?" ಎಂದು ಕೇಳಿದೆ.

"ಎರಡೂ ಅಲ್ಲ. ನಿನ್ ಗಂಟ್ಲು ದೊಡ್ದು" ಎಂದಳು.

ಮುಂದಿನ ಸಂತೆಯ ದಿನ ಮೊದಲ ಅಭ್ಯಾಸ. ನಡುಮಧ್ಯಾಹ್ನ ಕಟ್ಟೆ ಹತ್ತಿದೆ. ಆಕಾಶ ತಿಳಿಯಾಗಿತ್ತು, ಬೀದಿಯ ತುಂಬ ಜನ, ತಕ್ಕಡಿ, ಮೂಲಂಗಿ ರಾಶಿ. ಲಕ್ಕವ್ವ ಮಗಳೊಂದಿಗೆ ಮೇಲಿನ ಕೇರಿಯ ತುದಿಯಲ್ಲಿ, ಅವತ್ತು ಅವನ ಹೆಜ್ಜೆ ನಿಂತ ಜಾಗದಲ್ಲಿ ನಿಂತಿದ್ದಳು. ಮೊದಲ ಸಲ ಬಾಯಿ ತೆರೆದೆ, ದನಿ ಹೊರಡಲಿಲ್ಲ. ಎರಡನೆಯ ಸಲ ಅರ್ಧಕ್ಕೆ ಒಡೆಯಿತು, ಸಂತೆಯ ಈಚೆಯವರಷ್ಟೇ ತಲೆಯೆತ್ತಿದರು. ನಾನು ಕೈ ಚಾಚಲಿಲ್ಲ. ಕೈಯನ್ನು ನಂಬಿಕೊಂಡೇ ಕೆಟ್ಟವಳು ನಾನು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಕಣ್ಣು ಮುಚ್ಚಿಕೊಂಡು, ಇದ್ದಬದ್ದ ಉಸಿರನ್ನೆಲ್ಲ ಸೇರಿಸಿ ಆ ಮನುಷ್ಯನ ಹೆಸರು ಹಿಡಿದು ಕರೆದೆ: "ಓಬಯ್ಯಾ! ಓಬಯ್ಯಾ! ಓಬಯ್ಯಾ!"

ಕಣ್ಣು ತೆರೆದಾಗ ಊರೆಲ್ಲ ಏರಿಯ ಕಡೆ ಓಡುತ್ತಿತ್ತು. ಮೇಲಿನ ಕೇರಿಯಿಂದ ಲಕ್ಕವ್ವ ಮಗಳ ಕೈ ಹಿಡಿದುಕೊಂಡು ಎಲ್ಲರಿಗಿಂತ ಮುಂದೆ ಓಡುತ್ತಿದ್ದಳು.